ಆಸ್ಕರ್ ಜೊತೆ ಯಾವ ಮೀನು ಬಿಡಬಹುದು? ಸಾಕಿದವರು ಹೇಳಿ

ವಿಜಯಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇದೆ. ಸದ್ಯ ಅದರಲ್ಲಿ ಎರಡು ಟೈಗರ್ ಆಸ್ಕರ್ ಮತ್ತು ಒಂದು ಸಕ್ಕರ್ (ಗಾಜಿಗೆ ಅಂಟಿ ಪಾಚಿ ತಿನ್ನುವ ಮೀನು) ಇವೆ. ಆಸ್ಕರ್ ಆರಾರು ಇಂಚು ಬೆಳೆದಿವೆ. ಆದರೂ ಟ್ಯಾಂಕ್ ಖಾಲಿ ಖಾಲಿ ಅನಿಸುತ್ತದೆ. ಒಂದು ಸಿಲ್ವರ್ ಅರೋವಾನಾ ತರಬೇಕು ಅಂತ ನನಗೆ ಆಸೆ. ಅಂಗಡಿಯಲ್ಲಿ ಮೂರು ಇಂಚಿನ ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿಯನ್ನೂ ನೋಡಿ ಬಂದಿದ್ದೇನೆ, ಬಹಳ ಚೆಂದ ಇದೆ. ಮಗಳಿಗೆ ಗೋಲ್ಡ್‌ಫಿಶ್ ಬೇಕಂತೆ. ಇವೆಲ್ಲ ಒಟ್ಟಿಗೆ ಬಾಳುತ್ತವಾ? ಬೋರ್ ನೀರು ಬಳಸುತ್ತೇವೆ. ಸಾಕಿ ನೋಡಿದವರು ಹೇಳಿದರೆ ಉಪಕಾರ.

ಬೆಳಗಾವಿ, ಟಿಳಕವಾಡಿಯಿಂದ

ಸರ್, ಮೊದಲು ಮಗಳ ವಿಷಯ ಮುಗಿಸಿಬಿಡೋಣ. ಆಸ್ಕರ್ ಇರುವ ಕಡೆ ಗೋಲ್ಡ್‌ಫಿಶ್ ಬಿಟ್ಟರೆ ಅದು ಜೊತೆಗಾರ ಅಲ್ಲ, ಊಟ. ಅದು ತಂಪು ನೀರಿನ ಮೀನು ಬೇರೆ. ಆಸ್ಕರ್‌ಗೆ 25ರಿಂದ 28 ಡಿಗ್ರಿ ಬೇಕು. ಮಗಳಿಗೆ ಬೇರೆ ಟ್ಯಾಂಕ್ ಇಟ್ಟುಕೊಡಿ, ಜಗಳವೇ ಇರುವುದಿಲ್ಲ.

ಈಗ ನಿಮ್ಮ ಟ್ಯಾಂಕ್ ಲೆಕ್ಕ ಹಾಕೋಣ. 5×2×2 ಅಂದರೆ 20 ಘನ ಅಡಿ, ತುಂಬಿಸಿದರೆ ಸುಮಾರು 560 ಲೀಟರ್. ಕೇಳಲು ದೊಡ್ಡದು. ಆದರೆ ಆಸ್ಕರ್ ಆರು ಇಂಚಿಗೆ ನಿಲ್ಲುವ ಮೀನಲ್ಲ. ಒಂದು ಅಡಿ ಮುಟ್ಟುತ್ತದೆ, ಕೆಲವು ಅದಕ್ಕಿಂತ ಜಾಸ್ತಿ. ಮೊದಲ ವರ್ಷ ತಿಂಗಳಿಗೆ ಸುಮಾರು ಒಂದು ಇಂಚಿನಂತೆ ಏರುತ್ತದೆ. ಇವತ್ತು ಖಾಲಿ ಕಾಣುವ ಜಾಗ ಅವು ಬೆಳೆಯಲು ಇರುವ ಜಾಗ. ಹಾಗಾಗಿ ಯಾವ ಮೀನು ತಂದರೂ ಅಂಗಡಿಯಲ್ಲಿ ಕಂಡ ಸೈಜ್ ನೋಡಬೇಡಿ, ಎರಡು ವರ್ಷದ ನಂತರದ ಸೈಜ್ ಕೇಳಿ. ಬಾಯಿಯೂ ಅಷ್ಟೇ, ಎರಡು ವರ್ಷದ ನಂತರದ ಬಾಯಿ ಲೆಕ್ಕಕ್ಕೆ ಬರುತ್ತದೆ. ಇವತ್ತು ಬಾಯಲ್ಲಿ ಹಿಡಿಯದ ಮೀನು ಮುಂದಿನ ದೀಪಾವಳಿಗೆ ಹಿಡಿಯುತ್ತದೆ.

ರೆಡ್‌ಟೇಲ್ ಖಂಡಿತ ಬೇಡ. ಮೂರು ಇಂಚಿನ ಆ ಮರಿ ಅಮೆಜಾನ್ ನದಿಯ ಮೀನು, ಬೆಳೆದರೆ ಒಂದು ಮೀಟರ್ ದಾಟುತ್ತದೆ. ನಿಮ್ಮ ಟ್ಯಾಂಕ್ ಅಗಲ ಎರಡು ಅಡಿ. ತಿರುಗುವುದು ಎಲ್ಲಿ? ಅದರ ಬಾಯಿ ತಲೆಯಷ್ಟೇ ಅಗಲ. ತನ್ನ ಅರ್ಧ ಉದ್ದದ ಮೀನನ್ನೂ ನುಂಗುತ್ತದೆ. ಒಂದು ರಾತ್ರಿ ಆಸ್ಕರ್ ಮಾಯ ಆಗುತ್ತದೆ, ಬೆಳಗ್ಗೆ ರೆಡ್‌ಟೇಲ್ ಹೊಟ್ಟೆ ಉಬ್ಬಿಸಿಕೊಂಡು ತಳದಲ್ಲಿ ಮಲಗಿರುತ್ತದೆ. ಮನೆಯಲ್ಲಿ ಸಾಕುವ ಮೀನೇ ಅಲ್ಲ ಅದು ಅಂತ ನನ್ನ ಅಭಿಪ್ರಾಯ. ಮಾರುವವರು ಇದನ್ನು ಹೇಳುವುದಿಲ್ಲ.

ಆಸ್ಕರ್‌ಗೆ ಒಳ್ಳೆಯ ಜೊತೆ ಅಂದರೆ ಸಿಲ್ವರ್ ಡಾಲರ್. ತಟ್ಟೆಯಂತೆ ಅಗಲ ಮೈ, ಆರು ಇಂಚಿನವರೆಗೆ ಬೆಳೆಯುತ್ತದೆ, ಸೊಪ್ಪು ತಿನ್ನುವ ಮೀನು. ಮೈ ಎತ್ತರ ಇರುವುದರಿಂದ ಬಾಯಲ್ಲಿ ಹಿಡಿಯುವುದಿಲ್ಲ. ಓಟದಲ್ಲಿ ಆಸ್ಕರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಐದಾರು ಒಟ್ಟಿಗೆ ತನ್ನಿ, ಒಂಟಿಯಾಗಿದ್ದರೆ ಹೆದರಿ ಮೂಲೆ ಸೇರುತ್ತದೆ. ಮೂರೂವರೆ ನಾಲ್ಕು ಇಂಚಿಗಿಂತ ಚಿಕ್ಕದು ಬೇಡ. ಟ್ಯಾಂಕ್‌ನಲ್ಲಿ ಗಿಡ ಇದ್ದರೆ ಆಸೆ ಬಿಡಿ. ಡಾಲರ್ ಎಲೆ ತಿನ್ನುತ್ತದೆ, ಆಸ್ಕರ್ ಬೇರು ಕೀಳುತ್ತದೆ.

ಟಿನ್‌ಫಾಯಿಲ್ ಬಾರ್ಬ್ ಕೂಡ ಇದೇ ತರಹದ ಚುರುಕು ಮೀನು. ಆದರೆ ಅದು ಒಂದು ಅಡಿ ಮೀರುತ್ತದೆ, ಗುಂಪಿನಲ್ಲೇ ಇರಬೇಕು. ನಿಮ್ಮ ಟ್ಯಾಂಕ್‌ಗೆ ಹೆಚ್ಚಾಯಿತು.

ತಳಕ್ಕೆ ಬೇಕು ಅಂದರೆ ಸೆನೆಗಲ್ ಬಿಚಿರ್ ನೋಡಿ. ಹಾವಿನಂತೆ ಉದ್ದ, ಒಂದು ಅಡಿ ಆಗುತ್ತದೆ, ಚಿಪ್ಪು ಬಹಳ ಗಟ್ಟಿ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ತೊಂದರೆ ಏನೆಂದರೆ ಅದಕ್ಕೆ ಕಣ್ಣು ಮಂದ, ವಾಸನೆ ಹಿಡಿದು ತಿನ್ನುತ್ತದೆ. ಅದು ಪೆಲೆಟ್ (ಗುಳಿಗೆ ಊಟ) ಹುಡುಕುವಷ್ಟರಲ್ಲಿ ಆಸ್ಕರ್ ಎಲ್ಲ ಮುಗಿಸಿರುತ್ತದೆ. ಲೈಟ್ ಆರಿಸಿದ ಮೇಲೆ ಅದಕ್ಕೆ ಬೇರೆ ಊಟ ಹಾಕಬೇಕು.

ಬಾಗಲಕೋಟೆ, ನವನಗರದಿಂದ

ಮೇಲಿನವರು ಅರೋವಾನಾ ಮಾತೇ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅರೋವಾನಾ ಮತ್ತು ಆಸ್ಕರ್ ಒಟ್ಟಿಗೇ ಇವೆ, ಏನೂ ಆಗಿಲ್ಲ. ಅರೋವಾನಾ ಮೇಲಿನ ನೀರಿನಲ್ಲಿ ಓಡಾಡುತ್ತದೆ, ಆಸ್ಕರ್ ನಡುವೆ. ಒಂದರ ದಾರಿಗೆ ಒಂದು ಬರುವುದಿಲ್ಲ. ಅರೋವಾನಾ ಮೊದಲಿನಿಂದ ಆಸ್ಕರ್‌ಗಿಂತ ಉದ್ದ ಇರಬೇಕು, ಅಷ್ಟೇ. ಚಿಕ್ಕ ಅರೋವಾನಾ ತಂದು ದೊಡ್ಡ ಆಸ್ಕರ್ ಮಧ್ಯೆ ಬಿಟ್ಟರೆ ಮೀಸೆ, ರೆಕ್ಕೆ ಎಲ್ಲ ಕಿತ್ತು ಹಾಕುತ್ತವೆ.

ಮುಚ್ಚಳ ಮರೆಯಬೇಡಿ. ಅಮೆಜಾನ್‌ನಲ್ಲಿ ನೀರಿನಿಂದ ಹಾರಿ ಕೊಂಬೆ ಮೇಲಿನ ಹುಳ ಹಿಡಿಯುವ ಮೀನು ಅದು. ಹಗುರ ಮುಚ್ಚಳ ತಳ್ಳಿಕೊಂಡು ಹೊರಗೆ ಬೀಳುತ್ತದೆ. ಮೇಲೆ ಭಾರ ಇಡಿ.

ಫ್ಲವರ್‌ಹಾರ್ನ್ ಸೇರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಒಂಟಿ ಮೀನು. ಜೊತೆಗಾರ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಬೆಳಗಾವಿ, ಟಿಳಕವಾಡಿಯಿಂದ

ಅಣ್ಣಾರೇ, ನಿಮ್ಮ ಟ್ಯಾಂಕ್ ಎಷ್ಟು ಅಗಲ ಹೇಳಿ. ನಾನು ಬೇಕಂತಲೇ ಅರೋವಾನಾ ಮಾತು ಬಿಟ್ಟಿದ್ದೆ. ಸ್ವಭಾವ ಹೊಂದುತ್ತದೆ, ಒಪ್ಪುತ್ತೇನೆ. ಆದರೆ ಸಿಲ್ವರ್ ಅರೋವಾನಾ ಮನೆಯಲ್ಲೇ ಎರಡು ಅಡಿ ದಾಟುತ್ತದೆ, ನದಿಯಲ್ಲಿ ಮೂರು ಅಡಿವರೆಗೆ ಹೋಗುತ್ತದೆ. ಎರಡು ಅಡಿ ಅಗಲದಲ್ಲಿ ಬೆನ್ನು ಬಗ್ಗಿಸಿ ತಿರುಗಬೇಕಾಗುತ್ತದೆ.

ಬಾಗಲಕೋಟೆ, ನವನಗರದಿಂದ

ನಮ್ಮದು ಗಾಜಿನ ಟ್ಯಾಂಕ್ ಅಲ್ಲ, ಸಿಮೆಂಟ್ ತೊಟ್ಟಿ. 9 ಅಡಿ ಉದ್ದ, 4 ಅಡಿ ಅಗಲ. ಒಂದು ಕಡೆ ಮಾತ್ರ ಗಾಜು ಕೂರಿಸಿದ್ದೇವೆ. ಅದನ್ನು ಮೊದಲೇ ಹೇಳಬೇಕಿತ್ತು ಬಿಡಿ. 5 ಅಡಿಯಲ್ಲಾದರೆ ನಾನೂ ಬೇಡ ಅನ್ನುತ್ತೇನೆ.

ವಿಜಯಪುರದಿಂದ, ಇನ್ನೊಬ್ಬರು

ನಾನೂ ನಿಮ್ಮ ಊರಿನವಳೇ. ಮೀನಿನ ಹೆಸರು ಎಲ್ಲರೂ ಹೇಳಿದರು, ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಕಡೆ ಜಗಳಕ್ಕಿಂತ ಜಾಸ್ತಿ ಮೀನು ಸಾಯುವುದು ಬೇಸಿಗೆಯಲ್ಲಿ ಅಂತ ನನಗೆ ಅನಿಸುತ್ತದೆ.

ನಮ್ಮ ಬೋರ್ ನೀರು ಗಡುಸು. ಬಕೆಟ್ ಮೇಲೆ ಬಿಳಿ ಕಲೆ ಕಟ್ಟುತ್ತದಲ್ಲ, ಅದೇ. ಆಸ್ಕರ್ ಈ ನೀರಿಗೆ ಒಗ್ಗಿಕೊಳ್ಳುತ್ತದೆ, ಅದು ಚಿಂತೆ ಅಲ್ಲ. ಚಿಂತೆ ಅಮೋನಿಯಾದ್ದು. ದೊಡ್ಡ ಮೀನು ಜಾಸ್ತಿ ತಿನ್ನುತ್ತದೆ, ಜಾಸ್ತಿ ಹೊಲಸು ಮಾಡುತ್ತದೆ. ಆ ಹೊಲಸಿನಿಂದ ಅಮೋನಿಯಾ ಬರುತ್ತದೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7 ಇದ್ದಾಗ ಅದರಲ್ಲಿ ವಿಷದ ಪಾಲು ಬಹಳ ಕಡಿಮೆ. ಇಂಥ ಗಡುಸು ನೀರಿನಲ್ಲಿ ಪಿಎಚ್ 8 ಆದರೆ ಆ ಪಾಲು ಸುಮಾರು 10 ಪಟ್ಟು ಏರುತ್ತದೆ. ಬಿಸಿ ಹೆಚ್ಚಿದಷ್ಟೂ ಇನ್ನೂ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಏನಾಗುತ್ತದೆ ನೋಡಿಕೊಳ್ಳಿ. ಅದೇ ಹೊತ್ತಿಗೆ ನೀರಿನಲ್ಲಿ ಆಮ್ಲಜನಕವೂ ಇಳಿಯುತ್ತದೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟರೆ, 30 ಡಿಗ್ರಿ ನೀರು ಏಳೂವರೆ ಮಾತ್ರ ಹಿಡಿಯುತ್ತದೆ. ಮೇಲಿಂದ ಕರೆಂಟ್ ಹೋದರೆ ಫಿಲ್ಟರೂ ನಿಲ್ಲುತ್ತದೆ.

ಹಾಗಾಗಿ ಚಳಿಗಾಲದಲ್ಲಿ ಆರಾಮವಾಗಿ ನಡೆದ ಟ್ಯಾಂಕ್ ಮೇ ತಿಂಗಳಲ್ಲಿ ನಡೆಯುತ್ತದೆ ಅಂತ ಹೇಳಲು ಬರುವುದಿಲ್ಲ. ಬೇಸಿಗೆ ತಡೆಯುವಷ್ಟೇ ಮೀನು ಇಡಿ. ನಾನು ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ. ಬೇಸಿಗೆಯಲ್ಲಿ ಊಟ ಕಡಿಮೆ ಮಾಡುತ್ತೇನೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಮಧ್ಯಾಹ್ನ ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ಮತ್ತೆ ತುಂಬಬೇಕು.

ಬೆಳಗಾವಿಯವರಿಗೆ ಈ ಕಷ್ಟ ಅಷ್ಟಿಲ್ಲ. ಅವರಿಗೆ ಡಿಸೆಂಬರ್‌ನಲ್ಲಿ ಹೀಟರ್ ಚಿಂತೆ.

ಗೋಕಾಕದಿಂದ, ಅಂಗಡಿ ಇರುವವರು

ಅಂಗಡಿಯವರು ಹೇಳುವುದಿಲ್ಲ ಅಂತ ಮೇಲೆ ಒಬ್ಬರು ಬರೆದಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ! ಕೇಳಿದರೆ ಹೇಳುತ್ತೇವೆ ಸರ್. ‘ಇದು ಎಷ್ಟು ದೊಡ್ಡದಾಗುತ್ತದೆ’ ಅಂತ ಕೇಳುವವರು ಕಡಿಮೆ, ರೇಟ್ ಕೇಳುವವರೇ ಜಾಸ್ತಿ. ಸುಮ್ನೆ ‘ಶಾರ್ಕ್’ ಅಂತ ಕೇಳಿ ಒಯ್ಯುವ ಆ ಬೆಳ್ಳಿ ಬಣ್ಣದ ಮರಿ ಕೂಡ ಪಂಗಾಸಿಯಸ್ ಅನ್ನುವ ಕ್ಯಾಟ್‌ಫಿಶ್. ಬೆಳೆದರೆ ಮೂರು ಅಡಿ ಮೀರುತ್ತದೆ. ಅದನ್ನೂ ಟ್ಯಾಂಕ್‌ಗೆ ಹಾಕಬೇಡಿ.

ನಿಮ್ಮ ಸಕ್ಕರ್ ಬಗ್ಗೆ ಎರಡು ಮಾತು. ಗಾಜು ಸ್ವಚ್ಛ ಮಾಡುತ್ತದೆ ಅಂತ ಎಲ್ಲರೂ ಹಾಕುತ್ತಾರೆ. ಅದು ಒಂದೂವರೆ ಅಡಿ ಆಗುತ್ತದೆ, ಮಾಡುವ ಸ್ವಚ್ಛತೆಗಿಂತ ಹಾಕುವ ಹಿಕ್ಕೆ ಜಾಸ್ತಿ. ಹಸಿದರೆ ರಾತ್ರಿ ಆಸ್ಕರ್ ಮೈಗೆ ಅಂಟಿ ಲೋಳೆ ಹೀರುತ್ತದೆ. ಸಕ್ಕರ್ ಚಿಕ್ಕದಿದ್ದರೆ ಅಪಾಯ ಇನ್ನೊಂದು ಕಡೆಯಿಂದ. ಆಸ್ಕರ್ ನುಂಗಲು ಹೋದಾಗ ಸಕ್ಕರ್ ರೆಕ್ಕೆಯ ಮುಳ್ಳು ಬಿಗಿದು ನಿಲ್ಲಿಸುತ್ತದೆ. ಗಂಟಲಲ್ಲಿ ಸಿಕ್ಕಿ ಎರಡೂ ಹೋಗುತ್ತವೆ. ಇಡುವುದಾದರೆ ಆಸ್ಕರ್‌ನಷ್ಟೇ ದೊಡ್ಡದು ಇರಲಿ, ರಾತ್ರಿ ಅದಕ್ಕೆ ಬೇಯಿಸಿದ ಸೌತೆಕಾಯಿ ಹೋಳು ಹಾಕಿ.

ಹೊಸ ಮೀನನ್ನು ತಂದ ದಿನವೇ ಬಿಡಬೇಡಿ. ಎರಡು ಮೂರು ವಾರ ಬೇರೆ ಟ್ಯಾಂಕ್‌ನಲ್ಲಿ ಇಟ್ಟು ಬಿಳಿ ಚುಕ್ಕೆ ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಿಡುವ ದಿನ ಆಸ್ಕರ್‌ಗೆ ಹೊಟ್ಟೆ ತುಂಬ ಊಟ ಹಾಕಿ. ಒಳಗಿನ ಕಲ್ಲು, ಕಟ್ಟಿಗೆ ಎಲ್ಲ ಜಾಗ ಬದಲಿಸಿ. ತನ್ನ ಮೂಲೆ ಯಾವುದು ಅಂತ ಹಳೆ ಮೀನಿಗೂ ಗೊತ್ತಾಗಬಾರದು. ಆಮೇಲೆ ಲೈಟ್ ಆರಿಸಿ ಹೊಸದನ್ನು ಬಿಡಿ. ಅನುಮಾನ ಇದ್ದರೆ ನಡುವೆ ಪ್ಲಾಸ್ಟಿಕ್ ಜಾಳಿಗೆ ಕಟ್ಟಿ ಕೆಲವು ದಿನ ಒಂದನ್ನೊಂದು ನೋಡಲು ಬಿಡಿ. ನಿಮ್ಮ ಎರಡು ಆಸ್ಕರ್ ಗಂಡು ಹೆಣ್ಣಾಗಿದ್ದು ಮೊಟ್ಟೆ ಇಟ್ಟರೆ ಇದ್ಯಾವುದೂ ನಡೆಯುವುದಿಲ್ಲ. ಆಗ ಅರ್ಧ ಟ್ಯಾಂಕ್ ಅವುಗಳದ್ದೇ.

ಫೀಡರ್ ಗೋಲ್ಡ್‌ಫಿಶ್, ಅಂದರೆ ದೊಡ್ಡ ಮೀನಿಗೆ ಊಟವಾಗಿ ಹಾಕುವ ಮರಿ, ನಾನೂ ಮಾರುತ್ತಿದ್ದೆ, ಈಗ ನಿಲ್ಲಿಸಿದ್ದೇನೆ. ಅದರಲ್ಲಿ ಥಯಾಮಿನೇಸ್ ಅನ್ನುವ ಅಂಶ ಇರುತ್ತದೆ. ದಿನಾ ಅದನ್ನೇ ತಿಂದ ಮೀನಿಗೆ ಬಿ1 ವಿಟಮಿನ್ ಕೊರತೆ ಆಗುತ್ತದೆ. ಜೊತೆಗೆ ರೋಗವೂ ಬರುತ್ತದೆ. ಜೀವಂತ ಮೀನು ಬೆನ್ನಟ್ಟಿ ತಿಂದು ರೂಢಿಯಾದ ಆಸ್ಕರ್ ಜೊತೆಗಾರನನ್ನೂ ಹಾಗೇ ನೋಡುತ್ತದೆ ಅನ್ನುವುದು ನನ್ನ ಅನುಭವ. ಪೆಲೆಟ್, ಸಿಗಡಿ, ಎರೆಹುಳು ಸಾಕು. ಕೋಳಿ ಲಿವರ್ ಬೇಡ, ಆ ಕೊಬ್ಬು ಮೀನಿಗೆ ಸರಿಯಾಗಿ ಅರಗುವುದಿಲ್ಲ.

ಬೆಳಗಾವಿ, ಟಿಳಕವಾಡಿಯಿಂದ

ಗೋಕಾಕದ ಅಣ್ಣಾರು ಹೇಳಿದ್ದು ಪೂರ್ತಿ ಸರಿ. ಒಂದು ಮಾತು ಸೇರಿಸುತ್ತೇನೆ. ಮೀನು ದೊಡ್ಡದಾಗಿ ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇದ್ದವರಿಗೆ ಕೊಡಿ. ಭೂತನಾಳ ಕೆರೆಗೋ ಕೃಷ್ಣಾ ಹೊಳೆಗೋ ಬಿಡಬೇಡಿ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಅನ್ನುವ ಬೇಟೆಗಾರ ಮೀನು ಸಿಕ್ಕಿತ್ತು, ನೆನಪಿದೆಯಾ? ಆಂಧ್ರದ ಕೆರೆಗಳಲ್ಲಿ ಸಕ್ಕರ್ ಹಬ್ಬಿ ಮೀನುಗಾರರ ಬಲೆ ಹರಿಯುತ್ತಿದೆ.

ಪ್ರಶ್ನೆ ಕೇಳಿದವರು, ವಿಜಯಪುರದಿಂದ

ಎಲ್ಲರಿಗೂ ಧನ್ಯವಾದ. ರೆಡ್‌ಟೇಲ್ ಆಸೆ ಬಿಟ್ಟೆ. ಅರೋವಾನಾ ಆಸೆ ಬಿಡಲು ಮನಸ್ಸು ಬರುತ್ತಿಲ್ಲ, ಆದರೆ ಅಳತೆಪಟ್ಟಿ ಹಿಡಿದು ಟ್ಯಾಂಕ್ ಮುಂದೆ ನಿಂತಾಗ ಅರ್ಥ ಆಯಿತು. ಐದು ಸಿಲ್ವರ್ ಡಾಲರ್ ಹಾಕೋಣ ಅಂತಿದ್ದೇನೆ. ಈಗ ತಂದು ಬಿಡಲಾ, ಇಲ್ಲ ಬೇಸಿಗೆ ಮುಗಿಯಲಿ ಅನ್ನುತ್ತೀರಾ?

ವಿಜಯಪುರದಿಂದ, ಇನ್ನೊಬ್ಬರು

ಮಳೆ ಶುರುವಾಗಲಿ ಅಣ್ಣ. ಅಲ್ಲಿವರೆಗೆ ಮಗಳ ಟ್ಯಾಂಕ್ ರೆಡಿ ಮಾಡಿ. ಡಾಲರ್ ಬಂದಾಗ ಮೊದಲು ಬೇರೆ ಇಡಲು ಜಾಗ ಬೇಕಲ್ಲ, ಗೋಲ್ಡ್‌ಫಿಶ್ ತರುವ ಮುಂಚೆ ಅದೇ ಟ್ಯಾಂಕ್ ಆಗುತ್ತದೆ.