ಓದುಗರ ಸ್ಪಂದನ: ಕ್ಷಮೆ ಕೇಳಿದ ಗೆಳತಿಗೆ ಉತ್ತರ ಬರೆಯಲೇ?

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರ ಪತ್ರವನ್ನು ಪ್ರಕಟಿಸಿದ್ದೆವು. ಚೀನೀ ಧಾರಾವಾಹಿಗಳ ನಟರೊಬ್ಬರ ಅಭಿಮಾನಿ ಬಳಗದಲ್ಲಿ ನಾಲ್ಕು ವರ್ಷ ಇದ್ದ ಅವರು, ಒಂದು ದೃಶ್ಯದಲ್ಲಿ ಜೊತೆನಟನ ಅಭಿನಯವೇ ಮೇಲಾಗಿತ್ತು ಎಂದು ಒಂದು ಸಾಲು ಬರೆದಿದ್ದರು. ಅಂದು ರಾತ್ರಿಯೇ ಅವರ ಹಳೆಯ ಖಾಸಗಿ ಮಾತುಗಳ ಸ್ಕ್ರೀನ್‌ಶಾಟ್‌ಗಳು ಬಳಗದ ಮುಂದೆ ಬಂದವು. ವಾರದೊಳಗೆ ಅವರ ಕಚೇರಿಗೇ ದೂರಿನ ಇ-ಮೇಲ್ ಹೋಯಿತು. ಸ್ಕ್ರೀನ್‌ಶಾಟ್ ಒದಗಿಸಿದವರು ಅದೇ ಬಳಗದಲ್ಲಿ ಪರಿಚಯವಾಗಿ, ಮನೆಗೆ ಬಂದು ಉಂಡು ಹೋಗುವಷ್ಟು ಹತ್ತಿರವಾಗಿದ್ದ ಹಾಸನದ ಗೆಳತಿ. ‘ಕೊಡದಿದ್ದರೆ ನನ್ನನ್ನೂ ಹೊರಗೆ ಹಾಕುತ್ತಿದ್ದರು, ಕ್ಷಮಿಸು’ ಎಂದು ಆಕೆ ಎರಡು ತಿಂಗಳ ಬಳಿಕ ಬರೆದಿದ್ದಾರೆ. ಅದಕ್ಕೆ ಉತ್ತರಿಸಬೇಕೇ ಎಂಬುದಷ್ಟೇ ನಮ್ಮ ಓದುಗರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಹೆಸರೂ ಗೊತ್ತಿಲ್ಲದ ನಿಮಗಾಗಿ ಆ ನಟ ಒಂದು ಹೊತ್ತಿನ ಊಟವನ್ನೂ ಬಿಡಲಾರ. ಅವನಿಗಾಗಿ ನೀವಿಬ್ಬರೂ ಮಾನ ಬಿಟ್ಟಿದ್ದೀರಿ. ಫೋನನ್ನು ಕೆಳಗಿಡಿ.
— ನಿವೃತ್ತ ಉಪನ್ಯಾಸಕರು, ಗದಗ

ಇದೇ ಅರ್ಥದ ಇನ್ನೂ ಕೆಲವು ಪತ್ರಗಳು ಬಂದಿವೆ. ಫೋನನ್ನು ಕೆಳಗಿಟ್ಟ ಮೇಲೂ ಗೆಳತಿಯ ಪತ್ರ ಅದರೊಳಗೆ ಇದ್ದೇ ಇರುತ್ತದೆ ಎಂಬುದನ್ನಷ್ಟೇ ಸೇರಿಸುತ್ತೇವೆ.

*

ಗೆಳತಿಯ ಮೇಲೆ ಸಿಟ್ಟಾಗುವ ಮೊದಲು ಆ ಬಳಗಗಳು ನಡೆಯುವ ಬಗೆಯನ್ನು ನೋಡಬೇಕು. ಚೀನಾದಲ್ಲಿ ಇವುಗಳನ್ನು ‘ಫಾನ್‌ಚ್ವಾನ್’ ಎನ್ನುತ್ತಾರೆ. ‘ಫ್ಯಾನ್’ ಎಂಬ ಪದದ ಸದ್ದಿಗೆ ಹೊಂದುತ್ತದೆಂದು ಅವರು ಬಳಸಿಕೊಂಡ ಅಕ್ಷರಕ್ಕೆ ಅನ್ನ ಎಂಬ ಅರ್ಥವಿರುವುದು ತಮಾಷೆಯಾಗಿದೆ, ಏಕೆಂದರೆ ಇದರಿಂದ ಅನ್ನ ಹುಟ್ಟುವುದು ಅಭಿಮಾನಿಗಳಿಗಲ್ಲ. ವೇಯ್ಬೋ ಜಾಲತಾಣದಲ್ಲಿ ತಾರೆಯರ ಶ್ರೇಯಾಂಕ ಪಟ್ಟಿ ಇದ್ದಷ್ಟು ಕಾಲ, ತಮ್ಮ ನಟನನ್ನು ಮೇಲಿನ ಸಾಲಿನಲ್ಲಿ ಉಳಿಸಲು ಅಭಿಮಾನಿಗಳು ದಿನವೂ ಸರದಿಯಂತೆ ದುಡಿಯುತ್ತಿದ್ದರು. ಟೀಕೆಯನ್ನು ಹೊಗಳಿಕೆಯ ರಾಶಿಯಡಿ ಹೂಳುವ ಕೆಲಸಕ್ಕೂ ‘ಖೋಂಗ್‌ಪಿಂಗ್’ ಎಂಬ ಪ್ರತ್ಯೇಕ ಹೆಸರಿದೆ. ಶೀರ್ಷಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ವಿಷಯಕ್ಕೂ ಯುದ್ಧಗಳಾಗಿವೆ.

2021ರ ಮೇ ತಿಂಗಳಲ್ಲಿ ನಡೆದದ್ದನ್ನು ನೆನೆಯಿರಿ. ಅದು ಧಾರಾವಾಹಿಯಲ್ಲ, ಐಚೀಯೀ ಎಂಬ ವಿಡಿಯೋ ಜಾಲತಾಣದ ಪ್ರತಿಭಾ ಸ್ಪರ್ಧೆ. ಬಳಗಗಳ ರೀತಿ ಮಾತ್ರ ಒಂದೇ. ಪ್ರಾಯೋಜಕರ ಹಾಲಿನ ಬಾಟಲಿಯ ಮುಚ್ಚಳದೊಳಗಿನ ಸಂಕೇತವನ್ನು ಸ್ಕ್ಯಾನ್ ಮಾಡಿದರೆ ಹೆಚ್ಚುವರಿ ಮತ ಸಿಗುತ್ತಿತ್ತು. ಹಾಲನ್ನು ಪೆಟ್ಟಿಗೆಗಟ್ಟಲೆ ಕೊಂಡು, ಮುಚ್ಚಳ ಇಟ್ಟುಕೊಂಡು, ಹಾಲನ್ನು ಚರಂಡಿಗೆ ಸುರಿಸುವ ದೃಶ್ಯ ಹೊರಬಿದ್ದಾಗ ಬೀಜಿಂಗ್‌ನ ಅಧಿಕಾರಿಗಳು ಕಾರ್ಯಕ್ರಮವನ್ನೇ ನಿಲ್ಲಿಸಿದರು. ಅದೇ ವರ್ಷ ಆಗಸ್ಟ್ 27ರಂದು ಅಲ್ಲಿನ ಸೈಬರ್ ಆಡಳಿತವು ಹತ್ತು ಕ್ರಮಗಳನ್ನು ಪ್ರಕಟಿಸಿ, ತಾರೆಯರ ಶ್ರೇಯಾಂಕ ಪಟ್ಟಿಗಳನ್ನು ರದ್ದು ಮಾಡಿತು. ಪಟ್ಟಿ ಹೋಯಿತು, ಎಣಿಸುವ ಅಭ್ಯಾಸ ಹೋಗಲಿಲ್ಲ. ನಿಷ್ಠೆಯನ್ನು ಲೆಕ್ಕದಲ್ಲಿ ತೋರಿಸಬೇಕಾದ ಕಡೆ, ಲೆಕ್ಕ ತಪ್ಪಿಸಿದವರನ್ನು ಹಿಡಿದುಕೊಡುವುದೂ ನಿಷ್ಠೆಯೇ ಆಗುತ್ತದೆ. ನಿಮ್ಮ ಗೆಳತಿ ಮಾಡಿದ್ದು ಅದನ್ನೇ.
— ದತ್ತಾಂಶ ವಿಶ್ಲೇಷಕ, ಬೆಂಗಳೂರು

ವ್ಯವಸ್ಥೆಯ ಬಗೆಗಿನ ಮಾತನ್ನು ಒಪ್ಪುತ್ತೇವೆ. ಗುಂಡಿ ಒತ್ತಿದ ಬೆರಳಿನ ಮಾತನ್ನು ಮುಂದಿನ ಪತ್ರ ಎತ್ತುತ್ತದೆ. ಅದನ್ನು ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

*

ನಾನು ನಿಮ್ಮ ಹಾಸನದ ಗೆಳತಿಯ ಜಾಗದಲ್ಲಿ ನಿಂತವಳು. ಆದ್ದರಿಂದ ನಿಮ್ಮ ಪತ್ರವನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ವೈದ್ಯಕೀಯ ಓದಲು ಚೀನಾಕ್ಕೆ ಹೋಗಿದ್ದ ನನಗೆ ಅಲ್ಲಿ ಒಬ್ಬ ಗೆಳತಿ ಸಿಕ್ಕಳು. ಅವಳು ನನಗೆ ಚೀನೀ ಹೇಳಿಕೊಡುತ್ತಿದ್ದಳು, ನಾನು ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. 2019ರಲ್ಲಿ ‘ದಿ ಅನ್‌ಟೇಮ್ಡ್’ ಧಾರಾವಾಹಿಯ ಐವತ್ತು ಕಂತುಗಳನ್ನೂ ನಾವು ಒಂದೇ ಫೋನಿನಲ್ಲಿ, ಇಯರ್‌ಫೋನಿನ ಒಂದೊಂದು ಎಳೆಯನ್ನು ಒಬ್ಬೊಬ್ಬರು ಕಿವಿಗಿಟ್ಟುಕೊಂಡು ನೋಡಿದೆವು. ಅವಳಿಗೆ ಅದರ ನಾಯಕನಟರಾದ ಶಾವ್ ಝಾನ್ ಮತ್ತು ವಾಂಗ್ ಯೀಬೋ ಜೋಡಿಯಾಗಿ ಇಷ್ಟ, ನನಗೆ ಶಾವ್ ಝಾನ್ ಒಬ್ಬರೇ ಇಷ್ಟ. ಜೋಡಿಯನ್ನು ಮೆಚ್ಚುವವರಿಗೂ ಒಬ್ಬರನ್ನೇ ಮೆಚ್ಚುವವರಿಗೂ ಅಲ್ಲಿ ಹಾವು ಮುಂಗುಸಿಯ ಸಂಬಂಧ. ಒಬ್ಬರನ್ನೇ ಮೆಚ್ಚಿ ಉಳಿದವರನ್ನೆಲ್ಲ ದ್ವೇಷಿಸುವವರನ್ನು ‘ದೂವೇಯ್’ ಎನ್ನುತ್ತಾರೆ; ‘ದೂ’ ಎಂದರೆ ವಿಷ. ಅವಳು ನನ್ನನ್ನು ಹಾಗೆಂದು ಕರೆದು ನಗುತ್ತಿದ್ದಳು, ನಾನೂ ನಗುತ್ತಿದ್ದೆ.

2020ರ ಜನವರಿಯಲ್ಲಿ ರಜೆಗೆಂದು ಶಿವಮೊಗ್ಗಕ್ಕೆ ಬಂದವಳು ಕೋವಿಡ್‌ನಿಂದಾಗಿ ಇಲ್ಲೇ ಉಳಿದೆ. ಫೆಬ್ರವರಿ ಕೊನೆಯಲ್ಲಿ, ಶಾವ್ ಝಾನ್ ಅವರನ್ನು ಹೆಣ್ಣಿನ ರೂಪದಲ್ಲಿ ಕಲ್ಪಿಸಿ ಯಾರೋ ಬರೆದ ಕಥೆ ಅವಮಾನಕರವೆಂದು ಬಳಗದಲ್ಲಿ ಕೂಗೆದ್ದಿತು. ಅದು ಪ್ರಕಟವಾಗಿದ್ದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ, ಅಭಿಮಾನಿಗಳು ತಾವೇ ಕಥೆ ಬರೆದು ಹಾಕುವ ತಾಣದ ಮೇಲೆ ದೂರು ಕೊಡುವ ಕ್ರಮ ಹಂತ ಹಂತವಾಗಿ ಬಂತು: ಯಾವ ಗುಂಡಿ, ಯಾವ ವಿಭಾಗ, ಯಾವ ವಾಕ್ಯವನ್ನು ಅಂಟಿಸಬೇಕು. ಮಹಡಿಯ ಕೋಣೆಯಲ್ಲಿ ಕುಳಿತು ನಾನು ಒತ್ತಿದೆ. ಕೆಳಗಿನಿಂದ ಅಮ್ಮ ಊಟಕ್ಕೆ ಕರೆಯುತ್ತಿದ್ದರು, ‘ಎರಡೇ ನಿಮಿಷ’ ಎಂದೆ. 29ನೇ ತಾರೀಖಿಗೆ ಆ ತಾಣ ಚೀನಾದಲ್ಲಿ ತೆರೆಯದಾಯಿತು. ಹಿಂದಿನ ವರ್ಷವಷ್ಟೇ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ ಪಡೆದಿದ್ದ, ಲಕ್ಷಾಂತರ ಜನರ ಕಥೆಗಳಿದ್ದ ತಾಣ ಅದು. ನನ್ನ ಗೆಳತಿಯ ಏಳು ಕಥೆಗಳೂ ಅಲ್ಲಿದ್ದವು.

‘ನೀನೂ ಒತ್ತಿದೆಯಾ?’ ಎಂದು ಅವಳು ವೀಚಾಟ್ ಎಂಬ ಚೀನೀ ಸಂದೇಶ ಆ್ಯಪ್‌ನಲ್ಲಿ ಕೇಳಿದಳು. ಬಳಗದವರು ಬರೆದಿಟ್ಟಿದ್ದ ಸಿದ್ಧ ಉತ್ತರವನ್ನು ನಾನು ಅಂಟಿಸಿದೆ. ಅವಳು ಮತ್ತೆ ಬರೆಯಲಿಲ್ಲ. ಮಾರ್ಚ್ 1ರಂದು ನಟರ ಕಚೇರಿಯೇ ಕ್ಷಮೆ ಕೋರಿತು. ಸಿಟ್ಟಿಗೆದ್ದ ಆ ತಾಣದ ಓದುಗರು ಶಾವ್ ಝಾನ್ ಪ್ರಚಾರ ಮಾಡುತ್ತಿದ್ದ ವಸ್ತುಗಳನ್ನು ಬಹಿಷ್ಕರಿಸಿದರು. ಅಭಿಮಾನಿಗಳು ಕಾಯಲು ಹೊರಟಿದ್ದು ಯಾರನ್ನೋ ಅವರಿಗೇ ಪೆಟ್ಟು ಬಿತ್ತು. ಆಗಲೂ ನಾನು ಸುಮ್ಮನಿದ್ದೆ.

ಕ್ಷಮೆ ಕೇಳುವ ಪತ್ರವನ್ನು ಬರೆಯುತ್ತ, ಅಳಿಸುತ್ತ ಜೂನ್ ಬಂತು. ಜೂನ್ 29ರಂದು ನಮ್ಮ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ವೀಚಾಟ್ ಇತ್ತು, ವೇಯ್ಬೋ ಕೂಡ ಇತ್ತು. ಕೆಲವು ವಾರಗಳಲ್ಲಿ ನನ್ನ ಖಾತೆ ಬಾಗಿಲು ಹಾಕಿಕೊಂಡಿತು. ಅವಳ ಇನ್ನಾವ ವಿಳಾಸವೂ ನನ್ನಲ್ಲಿರಲಿಲ್ಲ. 2022ರಲ್ಲಿ ಅಲ್ಲಿಗೆ ಮರಳಲು ಅವಕಾಶವಾದಾಗ ಅವಳು ಓದು ಮುಗಿಸಿ ಊರು ಬಿಟ್ಟಿದ್ದಳು.

ಒಂದು ಮಾತನ್ನು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ. ಹೊರಗೆ ಹಾಕುತ್ತಾರೆಂಬ ಹೆದರಿಕೆಯಿಂದ ಮಾಡಿದೆ ಎನ್ನುವುದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಗುಂಡಿ ಒತ್ತುವಾಗ ನನಗೆ ಖುಷಿಯಾಗಿತ್ತು. ಸಾವಿರಾರು ಜನ ಒಟ್ಟಿಗೆ ಒಂದು ಕೆಲಸ ಮಾಡುತ್ತಿದ್ದೇವೆ, ಅದರಲ್ಲಿ ನಾನೂ ಇದ್ದೇನೆ ಎಂಬ ಖುಷಿ ಅದು. ನಿಮ್ಮ ಗೆಳತಿ ಹೆದರಿಕೆಯನ್ನಷ್ಟೇ ಬರೆದಿದ್ದಾಳೆ. ಉತ್ತರಿಸುವುದಾದರೆ ಉಳಿದದ್ದನ್ನೂ ಕೇಳಿ. ಹೇಳಿಕೊಳ್ಳಲು ಯಾರಾದರೂ ಸಿಕ್ಕಿದ್ದರೆ ನಾನು ಹೇಳಿಕೊಳ್ಳುತ್ತಿದ್ದೆ.
— ವೈದ್ಯೆ, ಶಿವಮೊಗ್ಗ

*

ಉತ್ತರಿಸಬೇಡಿ. ನೀವು ಬರೆಯುವ ಉತ್ತರವೂ ನಾಳೆ ಸ್ಕ್ರೀನ್‌ಶಾಟ್ ಆಗಬಹುದು. ಆಕೆಯ ಪತ್ರವನ್ನು ಅಳಿಸಲೂಬೇಡಿ, ಏಕೆಂದರೆ ಅದು ತಪ್ಪೊಪ್ಪಿಗೆ. ಕಚೇರಿಗೆ ಹೋದ ಇ-ಮೇಲ್‌ನ ಮೂಲಪ್ರತಿಯನ್ನು, ದಿನಾಂಕ ಮತ್ತು ಕಳುಹಿಸಿದವರ ವಿಳಾಸ ಕಾಣುವಂತೆ ತೆಗೆದಿಡಿ; ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.
— ವಕೀಲರು, ಬೆಳಗಾವಿ

ಇ-ಮೇಲ್ ಕುರಿತ ಸಲಹೆಯನ್ನು ನಮ್ಮ ಓದುಗರು ಇಂದೇ ಪಾಲಿಸಲಿ ಎಂದು ಬಯಸುತ್ತೇವೆ. ಗೆಳತಿಯ ಪತ್ರವನ್ನು ಅದೇ ಕಡತಕ್ಕೆ ಸೇರಿಸುವ ಅಗತ್ಯವಿದೆಯೇ ಎಂಬುದು ಬೇರೆ ಮಾತು.

*

ನಿಮ್ಮ ಪತ್ರದಲ್ಲೇ ಒಂದು ಸಾಲಿದೆ: ‘ಎದುರು ಬಳಗದವರ ನಟನ ಹೊಸ ಧಾರಾವಾಹಿಗೆ ನಾವು ನೋಡುವ ಮೊದಲೇ ಒಂದೊಂದು ನಕ್ಷತ್ರ ಹಾಕಿದ್ದೆವು, ಅದೆಲ್ಲ ತಮಾಷೆಯಾಗಿತ್ತು.’ ನೀವು ‘ನಾವು’ ಎಂದು ಬರೆದಿದ್ದೀರಿ. ಆ ತಮಾಷೆಗೆ ಯಾರ ಕ್ಷಮೆ ಕೇಳಿದ್ದೀರಿ, ಎಷ್ಟು ತಿಂಗಳ ಬಳಿಕ?
— ಗೃಹಿಣಿ, ಮಂಗಳೂರು

ಪತ್ರವನ್ನು ಅಚ್ಚಿಗೆ ಕೊಡುವಾಗ ಆ ಸಾಲು ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ದಾವಣಗೆರೆಯ ಓದುಗರಿಗೆ ಎಲ್ಲ ಪತ್ರಗಳ ಪ್ರತಿಯನ್ನೂ ಕಳುಹಿಸಿದ್ದೇವೆ. ಶಿವಮೊಗ್ಗದ ಪತ್ರ ಎಲ್ಲಕ್ಕಿಂತ ಮೇಲಿದೆ.