ಪದಚರ್ಚೆ: ಕ್ರಿಪ್ಟೋಜ್ಯಾಕಿಂಗ್‌ಗೆ ‘ಬಿಟ್ಟಿ ದುಡಿಮೆ’ ಹೊಂದುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಗೋವಾದ ವಾಸ್ಕೋದಲ್ಲಿರುವ ಕನ್ನಡಿಗರಿಗಾಗಿ ಕಂಪ್ಯೂಟರ್ ಸುರಕ್ಷತೆಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಮನೆಗಳ ಹುಡುಗ ಹುಡುಗಿಯರು, ಝೆರಾಕ್ಸ್ ಅಂಗಡಿಯವರು. ಕ್ರಿಪ್ಟೋಜ್ಯಾಕಿಂಗ್ ಪುಟಕ್ಕೆ ಬಂದು ಕೈ ನಿಂತಿದೆ.

ವಿಷಯ ಗೊತ್ತಿಲ್ಲದವರಿಗೆ: ಜಾಲತಾಣವೊಂದನ್ನು ತೆರೆದಾಗ ಅದರೊಳಗೆ ಅಡಗಿಸಿಟ್ಟ ಜಾವಾಸ್ಕ್ರಿಪ್ಟ್ ತುಣುಕು ನಿಮ್ಮ ಪ್ರೊಸೆಸರ್‌ನಿಂದ ಲೆಕ್ಕ ಮಾಡಿಸಿಕೊಳ್ಳುತ್ತದೆ. ಅದರಿಂದ ಹುಟ್ಟುವ ಮೊನೆರೊ ಎಂಬ ಡಿಜಿಟಲ್ ನಾಣ್ಯ ತುಣುಕು ಅಡಗಿಸಿಟ್ಟವರಿಗೆ. ಬಿಸಿಯಾದ ಯಂತ್ರ, ಕರೆಂಟ್ ಬಿಲ್ಲು ನಿಮಗೆ. ಬಿಟ್‌ಕಾಯಿನ್‌ಗೆ ವಿಶೇಷ ಯಂತ್ರಗಳು ಬೇಕು, ಮೊನೆರೊಗೆ ಸಾಮಾನ್ಯ ಪ್ರೊಸೆಸರ್ ಸಾಕು. 2017ರ ಸೆಪ್ಟೆಂಬರಿನಲ್ಲಿ ಇಂಥ ತುಣುಕನ್ನು ಒದಗಿಸುವ ಕಾಯಿನ್‌ಹೈವ್ ಎಂಬ ಸೇವೆ ಬಂದ ಮೇಲೆ ಇದು ಎಲ್ಲೆಡೆ ಹಬ್ಬಿತು. 2018ರ ಫೆಬ್ರವರಿಯಲ್ಲಿ ಬ್ರೌಸ್‌ಅಲೌಡ್ ಎಂಬ ಸಾಧನದೊಳಗೆ ಯಾರೋ ಈ ತುಣುಕನ್ನು ತೂರಿಸಿದರು. ಅದನ್ನು ಬಳಸುತ್ತಿದ್ದ 4,000ಕ್ಕೂ ಹೆಚ್ಚು ತಾಣಗಳು, ಬ್ರಿಟನ್ನಿನ ಮಾಹಿತಿ ಆಯುಕ್ತರ ತಾಣವೂ ಸೇರಿ, ಸಿಕ್ಕಿಬಿದ್ದವು. ಬ್ರೌಸ್‌ಅಲೌಡ್ ಇದ್ದದ್ದು ಓದಲು ಕಷ್ಟಪಡುವವರಿಗೆ ಪುಟವನ್ನು ಓದಿ ಹೇಳಲು. ಅದನ್ನೇ ದುರುಪಯೋಗ ಮಾಡಿಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ. 2019ರ ಮಾರ್ಚಿನಲ್ಲಿ ಕಾಯಿನ್‌ಹೈವ್ ಮುಚ್ಚಿತು. ಹಾವಳಿ ಇಳಿಯಿತು, ನಿಲ್ಲಲಿಲ್ಲ.

ಪದಕ್ಕೆ ಬರುತ್ತೇನೆ. ಹೀಗೆ ಲೆಕ್ಕ ಮಾಡಿ ನಾಣ್ಯ ಪಡೆಯುವುದನ್ನು ಇಂಗ್ಲಿಷಿನಲ್ಲಿ ‘ಮೈನಿಂಗ್’ ಎನ್ನುವುದರಿಂದ ಮೊದಲು ಹೊಳೆಯುವುದು ‘ಗುಪ್ತ ಗಣಿಗಾರಿಕೆ’. ಗೋವಾದಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಗಣಿ ಎಂದರೆ ಬಿಚೋಲಿ, ಸಾಂಗೆಯ ಕಬ್ಬಿಣದ ಅದಿರು. 2012ರಲ್ಲಿ ಗಣಿ ನಿಂತದ್ದು, 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣ ರದ್ದುಪಡಿಸಿದ್ದು, ಇವೆಲ್ಲ ಇಲ್ಲಿನ ಟ್ರಕ್ ಚಾಲಕರ ಮನೆಯ ಅನ್ನದ ಮಾತು. ಬಳ್ಳಾರಿಯನ್ನು ಕಂಡವರಿಗೂ ‘ಗುಪ್ತ ಗಣಿ’ ಎಂದರೆ ರಾತ್ರೋರಾತ್ರಿ ಸಾಗಿದ ಅದಿರೇ. ‘ಗಣಕ ಅಪಹರಣ’ವೂ ಒಗ್ಗದು: ಯಂತ್ರ ಮೇಜಿನ ಮೇಲೇ ಇರುತ್ತದೆ, ಕಡತವೊಂದೂ ಕಳೆದಿರುವುದಿಲ್ಲ.

ನನ್ನ ಮನಸ್ಸು ‘ಬಿಟ್ಟಿ ದುಡಿಮೆ’ಯ ಕಡೆಗಿದೆ. ಬಿಟ್ಟಿ ಸಂಸ್ಕೃತದ ವಿಷ್ಟಿಯ ತದ್ಭವ. ಶಾಸನಗಳಲ್ಲಿ ಅದು ಕೂಲಿ ಕೊಡದೆ ಮಾಡಿಸಿಕೊಳ್ಳುವ ಕಡ್ಡಾಯದ ಕೆಲಸ. ಮರಾಠಿಯ ‘ವೇಠಬಿಗಾರ’ದ ವೇಠ ಕೂಡ ಅದೇ ವಿಷ್ಟಿ. ನಮ್ಮ ಕಡೆ ‘ಬಿಟ್ಟಿ ಬೇಗಾರಿ’ ಎನ್ನುತ್ತೇವೆ. ಯಂತ್ರ ದುಡಿಯಿತು, ದುಡಿಸಿದವನು ಕೂಲಿ ಕೊಡಲಿಲ್ಲ, ಒಡೆಯನನ್ನು ಕೇಳಲೂ ಇಲ್ಲ. ಮೂರೂ ಈ ಒಂದು ಪದದಲ್ಲಿವೆ.

ಕೇಳದಿರುವುದೇ ಇಲ್ಲಿ ಮುಖ್ಯ. 2018ರಲ್ಲಿ ಸಲೋನ್ ಎಂಬ ಅಮೆರಿಕದ ಸುದ್ದಿತಾಣ, ಜಾಹೀರಾತು ಬೇಡವೆಂದರೆ ನಿಮ್ಮ ಪ್ರೊಸೆಸರ್ ಬಳಸಿಕೊಳ್ಳಲೇ ಎಂದು ಓದುಗರನ್ನು ನೇರವಾಗಿ ಕೇಳಿತು. ಯುನಿಸೆಫ್ ಆಸ್ಟ್ರೇಲಿಯಾ ಇದೇ ದಾರಿಯಲ್ಲಿ ದೇಣಿಗೆ ಪಡೆಯಿತು. ನಡೆಯುವ ಲೆಕ್ಕ ಒಂದೇ, ಆದರೆ ಒಪ್ಪಿ ಕೊಟ್ಟದ್ದು ಬಿಟ್ಟಿಯಲ್ಲ. ‘ಗಣಿಗಾರಿಕೆ’ ಎಂದರೆ ಈ ಎರಡೂ ಒಂದರಲ್ಲೊಂದು ಕಲಸಿಹೋಗುತ್ತವೆ.

ಅಂಜಿಕೆ ಒಂದೇ. ಇಂದು ಬಿಟ್ಟಿ ಎಂದರೆ ಪುಕ್ಕಟೆ: ಬಿಟ್ಟಿ ಊಟ, ಬಿಟ್ಟಿ ವೈಫೈ. ಶೀರ್ಷಿಕೆ ನೋಡಿದ ಹುಡುಗ ತನಗೇನೋ ಪುಕ್ಕಟೆ ಸಿಗುತ್ತದೆಂದು ತಿಳಿದರೆ ಕೈಪಿಡಿಯೇ ದಾರಿ ತಪ್ಪಿಸಿದಂತೆ. ‘ಕದ್ದ ದುಡಿಮೆ’ ಎಂದರೆ ಆ ಗೊಂದಲವಿಲ್ಲ, ಆದರೆ ಬಲವಂತದ ಸುಳಿವು ಹೋಗುತ್ತದೆ.

ನಿಮ್ಮ ಊರಿನ ಇಪ್ಪತ್ತರ ಆಸುಪಾಸಿನವರ ಮಾತಿನಲ್ಲಿ ಬಿಟ್ಟಿಗೆ ಬಲವಂತದ ದುಡಿಮೆಯ ಅರ್ಥ ಇನ್ನೂ ಉಳಿದಿದೆಯೇ? ಕ್ರಿಯಾಪದವೂ ಬೇಕು: ‘ತಾಣವು ಕಂಪ್ಯೂಟರನ್ನು ಬಿಟ್ಟಿ ಹಿಡಿಯಿತು’ ಎಂದು ಬರೆದರೆ ಕಲಬುರಗಿ, ಧಾರವಾಡದವರಿಗೆ ಸಹಜವಾಗಿ ಕೇಳುತ್ತದೆಯೇ, ಅಥವಾ ‘ಬಿಟ್ಟಿ ದುಡಿಸಿತು’ ಎನ್ನಬೇಕೇ?