ಸಣ್ಣ ವಿಮಾನ ಪತನ: ಬೆಂಕಿ ಹತ್ತಿಲ್ಲ ಅಂದ್ರೆ ಇಂಧನ ಖಾಲಿಯಾಗಿತ್ತಾ?

ಪ್ರಶ್ನೆ:
ಕಾರ್ಬುರೇಟರ್ (ಗಾಳಿಗೆ ಇಂಧನ ಬೆರೆಸೋ ಭಾಗ) ಇರೋ ಎಂಜಿನ್‌ನ ಎರಡು ಸೀಟಿನ ತರಬೇತಿ ವಿಮಾನ. ಥ್ರಾಟಲ್ (ಎಂಜಿನ್ ಪವರ್) ಇಳಿಸಿ ಲ್ಯಾಂಡಿಂಗಿಗೆ ಬರುವಾಗ ಎಂಜಿನ್ ಕೆಮ್ಮಿ ನಿಂತಿದೆ. ರನ್‌ವೇ ಕಡೆ ತಿರುಗುವಾಗ ಒಂದು ರೆಕ್ಕೆ ಕೆಳಕ್ಕೆ ಕುಸಿದು ವಿಮಾನ ಬಿದ್ದಿದೆ. ಹೊರಗೆ 22 ಡಿಗ್ರಿ, ಮಳೆ ನಿಂತ ಹವೆ. ಬೆಂಕಿ ಹತ್ತಿಲ್ಲ. ಪ್ರೊಪೆಲ್ಲರಿನ ಒಂದು ಬ್ಲೇಡ್ ಹಿಂದಕ್ಕೆ ಬಾಗಿದೆ, ಇನ್ನೊಂದು ನೆಟ್ಟಗಿದೆ. ಇಂಧನ ಖಾಲಿ ಅಂತಲೇ ಎಲ್ಲರ ಮಾತು. ಸರೀನಾ?

ಉತ್ತರ 1:
ಬೆಂಕಿ ಹತ್ತದಿರೋದು ಸಾಕ್ಷಿ ಅಲ್ಲ ಸರ್. ಕಿಡಿ ಸಿಗದಿದ್ದರೆ ಚೆಲ್ಲಿದ ಇಂಧನವೂ ಹೊತ್ತಲ್ಲ. ರೆಕ್ಕೆ ಬಡಿದ ಜಾಗದ ಹುಲ್ಲು ಚೆಲ್ಲಿದ ಇಂಧನಕ್ಕೆ ಕಂದಿದೆಯಾ, ಗ್ಯಾಸ್ಕೊಲೇಟರ್ (ಇಂಧನದ ನೀರು, ಕಸ ತಡೆಯೋ ಸೋಸುಕ) ಬಟ್ಟಲಲ್ಲಿ ಏನು ಉಳಿದಿದೆ ನೋಡಬೇಕು. ಸಣ್ಣ ವಿಮಾನದ ಪೆಟ್ರೋಲ್ 100ಎಲ್‌ಎಲ್ ತಿಳಿ ನೀಲಿ. ನೀರು ತಳದಲ್ಲಿ ಬಣ್ಣವಿಲ್ಲದೆ ಬೇರೆಯಾಗಿ ನಿಲ್ಲುತ್ತೆ. ಬಟ್ಟಲು ಪೂರ್ತಿ ನೀರೇ ಆಗಿದ್ದರೆ ಮಧ್ಯದ ಗೆರೆ ಕಾಣದೆ ಕಣ್ಣು ಮೋಸ ಹೋಗುತ್ತೆ, ಬಿಳಿ ಕಾಗದ ಹಿಂದಿಟ್ಟು ನೋಡಿ. ಟ್ಯಾಂಕಲ್ಲಿ ಇದ್ದದ್ದು ಎಂಜಿನ್‌ಗೆ ಬಂತು ಅಂತಲೂ ಅಲ್ಲ: ಪೈಪರ್ ಪಿಎ-28 ಅನ್ನೋ ಸಣ್ಣ ವಿಮಾನದ ಇಂಧನ ಸ್ವಿಚ್‌ನಲ್ಲಿ ಎರಡೂ ಟ್ಯಾಂಕಿಂದ ಒಟ್ಟಿಗೆ ಎಳೆಯೋ ಸ್ಥಾನವೇ ಇಲ್ಲ, ಒಂದು ಬರಿದಾದರೆ ಕೈಯಾರೆ ಬದಲಿಸಬೇಕು.

ಬ್ಲೇಡ್ ಹೇಳೋದು ಇಷ್ಟೇ: ನೆಲಕ್ಕೆ ಬಡಿದಾಗ ಪ್ರೊಪೆಲ್ಲರ್ ನಿಂತಿತ್ತು ಅಥವಾ ತೀರ ನಿಧಾನವಾಗಿತ್ತು. ಪವರ್ ಇದ್ದಿದ್ದರೆ ಬ್ಲೇಡಿನ ಅಡ್ಡಕ್ಕೆ ಗೀರು, ತುದಿಯಲ್ಲಿ ತಿರುಚು ಸಿಗ್ತಿತ್ತು. ಯಾಕೆ ನಿಂತಿತು ಅನ್ನೋದು ಅದರಲ್ಲಿಲ್ಲ.

ಉತ್ತರ 2:
ನನ್ನ ಮೊದಲ ಅನುಮಾನ ಕಾರ್ಬುರೇಟರ್ ಐಸ್, ಅಂದ್ರೆ ಗಾಳಿಯ ತೇವ ಕಾರ್ಬುರೇಟರ್ ಒಳಗೇ ಹೆಪ್ಪುಗಟ್ಟೋದು. ಪೆಟ್ರೋಲ್ ಆವಿಯಾಗುತ್ತಾ ವೆಂಚುರಿಯ (ಕಾರ್ಬುರೇಟರಿನ ಕಿರಿದಾದ ಕೊರಳು) ಗಾಳಿಯನ್ನು 20 ಡಿಗ್ರಿಗೂ ಹೆಚ್ಚು ತಣಿಸಬಲ್ಲದು. ಥ್ರಾಟಲ್ ಮುಚ್ಚಿದಾಗ ಉಳಿಯೋ ಸಂದಿಯನ್ನು ಸ್ವಲ್ಪ ಐಸ್ ಸಾಕು ಕಟ್ಟೋಕೆ. ಪವರ್ ಇಳಿಸೋ ಮೊದಲೇ ಕಾರ್ಬ್ ಹೀಟ್ ನಾಬ್ (ಕಾರ್ಬುರೇಟರ್‌ಗೆ ಬಿಸಿ ಗಾಳಿ ಬಿಡೋದು) ಪೂರ್ತಿ ಎಳೀಬೇಕು. ಐಸ್ ಕಟ್ಟಿದ ಮೇಲೆ ಎಳೆದರೆ ಆರ್‌ಪಿಎಂ ಇನ್ನೂ ಬಿದ್ದು, ಕರಗಿದ ನೀರು ಒಳಹೊಕ್ಕು ಎಂಜಿನ್ ಒದರುತ್ತೆ, ಆಮೇಲೇ ಏರೋದು. ಆ ಒದರಾಟಕ್ಕೆ ಹೆದರಿ ನಾಬ್ ಒಳಗೆ ತಳ್ಳಿಬಿಡ್ತಾರೆ, ಅಲ್ಲೇ ಕೆಡೋದು. ತನಿಖೆಯವರು ಬರೋ ಹೊತ್ತಿಗೆ ಐಸ್ ಇರಲ್ಲ. ನಾಬ್ ಜೊತೆ ಏರ್‌ಬಾಕ್ಸ್ (ಎಂಜಿನ್‌ಗೆ ಗಾಳಿ ಬರೋ ಡಬ್ಬಿ) ಒಳಗಿನ ಬಿಸಿ ಗಾಳಿಯ ಫ್ಲಾಪ್ ಕೂಡ ತಾಳೆ ನೋಡೋದು ಅದಕ್ಕೇ. ಹೊಡೆತಕ್ಕೆ ಕೇಬಲ್ ಎಳೆದು ನಾಬ್ ಸರಿದಿರಬಹುದು.

ಪ್ರಶ್ನೆ ಕೇಳಿದವರು:
ಎಡಿಎಸ್-ಬಿ (ವಿಮಾನ ತಾನೇ ತನ್ನ ಸ್ಥಾನ, ವೇಗ ಪ್ರಸಾರ ಮಾಡೋ ವ್ಯವಸ್ಥೆ) ಟ್ರ್ಯಾಕಲ್ಲಿ ಕೊನೆಗೂ 65 ನಾಟ್ ಇದೆ. ಸ್ಟಾಲ್ ವೇಗ (ಇದಕ್ಕಿಂತ ಕಮ್ಮಿಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲ್ಲ) 48. ಹಾಗಾದ್ರೆ ರೆಕ್ಕೆ ಯಾಕೆ ಕುಸಿಯಿತು?

ಉತ್ತರ 3:
ಅದು ನೆಲದ ಮೇಲಿನ ವೇಗ. ಹಿಂದಿಂದ 10 ನಾಟ್ ಗಾಳಿ ಇದ್ದರೆ ರೆಕ್ಕೆಗೆ ಸಿಕ್ಕಿದ್ದು 55. 48 ಅನ್ನೋದು ನೇರ ಹಾರಾಟದ ಲೆಕ್ಕ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿಸಿದರೆ ಸ್ಟಾಲ್ ವೇಗ 57ಕ್ಕೇರುತ್ತೆ, 60 ಡಿಗ್ರಿಗೆ 68. ಎಂಜಿನ್ ಯಾಕೆ ನಿಂತಿತು ಅನ್ನೋದು ಒಂದು, ವಿಮಾನ ಯಾಕೆ ಬಿತ್ತು ಅನ್ನೋದೇ ಇನ್ನೊಂದು. ಮೂತಿ ಇಳಿಸಿ ಗ್ಲೈಡ್ ವೇಗ ಹಿಡಿದಿದ್ದರೆ ರನ್‌ವೇ ತಪ್ಪಿದರೂ ರೆಕ್ಕೆ ಸಮನಾಗೇ ನೆಲ ಮುಟ್ಟಬಹುದಿತ್ತು.

ಆ ಹೊತ್ತಿನ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ಹಾಕಿ. ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಯಾಗೋ ತಾಪಮಾನ), ಗಾಳಿಯ ದಿಕ್ಕು ಎರಡೂ ಬೇಕು.